ಸೇನ್ ತೀರದ ಛಾಯಾಗ್ರಾಹಕರು

ಪ್ಯಾರಿಸ್ ನಗರದ ನಡುವೆ ಹರಿಯುವ ಸೇನ್ ನದಿಯು ಸಿತೆ ಎಂಬ ದ್ವೀಪವನ್ನು ತನ್ನೆರಡು ಕವಲುಗಳಿಂದ ಬಳಸಿಕೊಂಡು ಮುಂದೆ ಸಾಗುವೆಡೆಯಲ್ಲಿ, ಆ ದ್ವೀಪದ ಉತ್ತರದ ಅಂಚಿಗೆ, ನ್ಯಾಯಾಲಯದ ಹಳೆಯ ಗಡಿಯಾರದ ಗೋಪುರದಿಂದ ಹೆಸರು ಪಡೆದ ಓರ್ಲೋಜ್ ದಡವೆಂಬ ಬೀದಿಯೊಂದುಂಟು. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಈ ಬೀದಿಯ ತುಂಬ ಕನ್ನಡಕ, ದುರ್ಬೀನು, ಸೂಕ್ಷ್ಮದರ್ಶಕಗಳನ್ನು ಮಾಡಿ ಮಾರುವವರೇ ನೆಲೆಸಿದ್ದುದರಿಂದ ಜನರು ಅದನ್ನು ಕನ್ನಡಕದ ದಡವೆಂದೂ ಕರೆಯುತ್ತಿದ್ದರು. ಅಲ್ಲಿಯ ಶೆವಾಲಿಯೇ ಮನೆತನದವರ ಅಂಗಡಿಗೆ 1826ರ ಜನವರಿಯಲ್ಲಿ ಸೈನ್ಯಾಧಿಕಾರಿಯೊಬ್ಬನು ಬಂದು, ದೂರದ ಊರಿನಲ್ಲಿದ್ದ ತನ್ನ ಬಂಧು ನಿಸೆಫೋರ್ ನಿಯೆಪ್ಸನು ಕತ್ತಲಪೆಟ್ಟಿಗೆಯೊಳಗೆ ಮೂಡುವ ಬಿಂಬವನ್ನು ಅಳಿಯದಂತೆ ನಿಲ್ಲಿಸುವ ಪ್ರಯೋಗದಲ್ಲಿ ತೊಡಗಿದ್ದಾನೆಂಬ ಸಂಗತಿಯನ್ನು ಮಾತಿನ ನಡುವೆ ತಿಳಿಸಿದನು. ಅದೇ ಅಂಗಡಿಗೆ ಪದೇ ಪದೇ ಬರುತ್ತಿದ್ದ ಮತ್ತೊಬ್ಬ ಗಿರಾಕಿ, ನಾಟಕಶಾಲೆಯ ಪರದೆಗಳನ್ನು ಬರೆಯುವುದರಲ್ಲಿ ಹೆಸರಾಗಿದ್ದ ಲೂಯಿ ಡಾಗೇರನು, ಇದೇ ಹಂಬಲದಿಂದ ಹಗಲಿರುಳು ದುಡಿಯುತ್ತಿದ್ದನು. ಅಂಗಡಿಯ ಷಾರ್ಲ್ ಶೆವಾಲಿಯೇ ಇಬ್ಬರ ನಡುವೆ ಮಾತು ಬೆಳೆಸಿದನು. 1829ರ ಡಿಸೆಂಬರಿನಲ್ಲಿ ಅವರಿಬ್ಬರೂ ಪಾಲುಗಾರರಾದರು. ನಿಯೆಪ್ಸನು 1833ರಲ್ಲಿ ತೀರಿಕೊಂಡನು. ಆದುದರಿಂದ ಛಾಯಾಗ್ರಹಣದ ಚರಿತ್ರೆಯನ್ನು ಬರೆಯುವವನು ಪ್ರಯೋಗಶಾಲೆಗಳನ್ನು ಹುಡುಕಿ ಹೋಗುವ ಮೊದಲು ಈ ನದಿಯ ದಡದ ಅಂಗಡಿಸಾಲಿನಲ್ಲಿ ಕೊಂಚ ಹೊತ್ತು ನಿಲ್ಲುವುದು ಯುಕ್ತವಾದುದು.

ಮುಂದಿನ ಘಟನೆಯೂ ನದೀತೀರದಲ್ಲಿಯೇ ನಡೆಯಿತು. 1839ರ ಜನವರಿ 7ರಂದು ವಿಜ್ಞಾನಿ ಅರಾಗೋ ಈ ಹೊಸ ವಿದ್ಯೆಯ ಸುದ್ದಿಯನ್ನು ವಿಜ್ಞಾನ ಅಕಾಡೆಮಿಯಲ್ಲಿ ಪ್ರಕಟಿಸಿದನು. ಸರ್ಕಾರವು ಡಾಗೇರನಿಗೂ ನಿಯೆಪ್ಸನ ಮಗನಿಗೂ ವರ್ಷಾಶನವನ್ನು ಗೊತ್ತುಮಾಡಿ ಅದನ್ನು ಲೋಕದ ಸ್ವತ್ತನ್ನಾಗಿ ಮಾಡಿದ ಮೇಲೆ, ಅದೇ ವರ್ಷದ ಆಗಸ್ಟ್ 19ರಂದು, ಎಡದಂಡೆಯ ಮೇಲೆ ಗುಮ್ಮಟವನ್ನೆತ್ತಿ ನಿಂತಿರುವ ಇನ್ಸ್ಟಿಟ್ಯೂಟ್ ಭವನದಲ್ಲಿ ಅದರ ಕ್ರಮವೆಲ್ಲವೂ ಬಹಿರಂಗವಾಯಿತು. ಒಳಗೆ ಸ್ಥಳ ಸಾಲದೆ ಜನರು ಹೊರಗೆ ನದಿಯ ಕಟ್ಟೆಯುದ್ದಕ್ಕೂ ಕಾದು ನಿಂತಿದ್ದರೆಂದೂ, ಸಭೆ ಮುಗಿದ ಸ್ವಲ್ಪ ಹೊತ್ತಿಗೆಲ್ಲ ಕನ್ನಡಕದಂಗಡಿಗಳಿಗೆ ಮುತ್ತಿಗೆ ಹಾಕಿದರೆಂದೂ ಅಂದಿನವರು ಬರೆದಿಟ್ಟಿದ್ದಾರೆ. ಕ್ರಮವಾದರೂ ಸುಲಭವಾದುದಲ್ಲ. ಬೆಳ್ಳಿ ಲೇಪಿಸಿದ ತಾಮ್ರದ ತಗಡನ್ನು ಕನ್ನಡಿಯಂತೆ ತಿಕ್ಕಿ, ಅಯೊಡಿನ್ ಆವಿಗೆ ಹಿಡಿದು, ಪೆಟ್ಟಿಗೆಯಲ್ಲಿಟ್ಟು ಬೆಳಕಿಗೆ ಒಡ್ಡಿ, ಆಮೇಲೆ ಕಾಯಿಸಿದ ಪಾದರಸದ ಹಬೆಯಲ್ಲಿ ಬಿಂಬವನ್ನು ಮೂಡಿಸಬೇಕು. ಹೀಗೆ ಮೂಡಿದ ಚಿತ್ರವು ಒಂದೇ ಒಂದು, ಅದಕ್ಕೆ ಪ್ರತಿಯಿಲ್ಲ, ಎಡವು ಬಲವಾಗಿ ಬಲವು ಎಡವಾಗಿ ಕಾಣುವುದು.

ಹೊಸ ಪೆಟ್ಟಿಗೆಯನ್ನು ಕೊಂಡವರು ಮೊದಲು ತಿರುಗಿಸಿದ್ದು ನದಿಯ ಕಡೆಗೆ. ಇದಕ್ಕೆ ಕಾರಣವು ಸೌಂದರ್ಯದೃಷ್ಟಿಯೊಂದೇ ಆಗಿರಲಿಲ್ಲ. ಅಂದಿನ ಪ್ಯಾರಿಸ್ಸಿನ ಬೀದಿಗಳು ಇಕ್ಕಟ್ಟಾಗಿ, ಎತ್ತರದ ಮನೆಗಳ ನೆರಳಿನಲ್ಲಿ ಮುಳುಗಿದ್ದು, ಬೆಳಕಿಗಾಗಿ ಹಸಿದ ತಗಡಿಗೆ ಅಲ್ಲಿ ಏನೂ ದಕ್ಕುತ್ತಿರಲಿಲ್ಲ. ನದಿಯ ಮೇಲಾದರೋ ಆಕಾಶವು ತೆರೆದಿತ್ತು, ಕೆಳಗಿನ ನೀರು ಮೇಲಿನ ಬೆಳಕನ್ನು ಮರಳಿ ಚೆಲ್ಲುತ್ತಿತ್ತು, ಎದುರುದಡದ ಕಟ್ಟಡಗಳನ್ನು ಪೂರ್ತಿಯಾಗಿ ನೋಡುವಷ್ಟು ಅಂತರವಿತ್ತು. ಡಾಗೇರನೇ ನೋತ್ರ್ ದಾಮ್ ಮಹಾದೇವಾಲಯವನ್ನೂ ಅದರ ಸುತ್ತಲಿನ ದ್ವೀಪವನ್ನೂ ನದಿಯ ಮೇಲಿನಿಂದ ತೆಗೆದನು. ಆ ಕಾಲದ ತಗಡುಗಳಲ್ಲಿ ದೇವಾಲಯದ ನಡುಮಾಡಿನ ಮೇಲೆ ಮೊನೆಗೋಪುರವಿಲ್ಲದಿರುವುದನ್ನು ಗಮನಿಸಬೇಕು. ಮಧ್ಯಯುಗದ ಗೋಪುರವು ಶಿಥಿಲವಾದುದರಿಂದ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಅದನ್ನು ಇಳಿಸಿದ್ದರು. ವಾಸ್ತುಶಿಲ್ಪಿ ವಿಯೊಲೆ-ಲ-ದ್ಯೂಕನ ಹೊಸ ಗೋಪುರವು ಎದ್ದುದು 1859ರಲ್ಲಿ. ಹೀಗಾಗಿ ತೇದಿಯಿಲ್ಲದ ಹಳೆಯ ಚಿತ್ರವೊಂದು ಕೈಗೆ ಬಂದರೆ ಬಲ್ಲವರು ಮೊದಲು ನೋಡುವುದು ಆ ಮಾಡಿನ ನೆತ್ತಿಯನ್ನು.

ಆದರೆ ಈ ಮೊದಲ ಚಿತ್ರಗಳನ್ನು ನೋಡುತ್ತ ಹೋದಂತೆ ಮನಸ್ಸಿಗೆ ಒಂದು ಕಳವಳ ಹುಟ್ಟುತ್ತದೆ. ಕಲ್ಲಿನ ಕಮಾನುಗಳಿವೆ, ಕಿಟಕಿಗಳ ಚೌಕಟ್ಟುಗಳಿವೆ, ಹೆಂಚಿನ ಅಂಚುಗಳನ್ನು ಎಣಿಸಬಹುದು. ಮನುಷ್ಯರು ಮಾತ್ರ ಇಲ್ಲ. ಬೆಳಕಿಗೆ ಒಡ್ಡುವ ಕಾಲವು ಹಲವು ನಿಮಿಷಗಳಾದುದರಿಂದ ನಡೆಯುವವನು ನಡೆದುಹೋದನು, ಗಾಡಿಯು ಸಾಗಿಹೋಯಿತು, ದೋಣಿಯು ತೇಲಿಹೋಯಿತು. ತಗಡಿನ ಮೇಲೆ ಅವುಗಳ ಗುರುತು ಉಳಿಯಲಿಲ್ಲ. ಹರಿಯುವ ನದಿಯು ಕೂಡ ಕೆನೆಗಟ್ಟಿದ ಹಾಲಿನಂತೆ ನಿಶ್ಚಲವಾಗಿ ತೋರುವುದು. ಪ್ಯಾರಿಸ್ಸಿನ ಅತ್ಯಂತ ಗದ್ದಲದ ಸ್ಥಳವಾಗಿದ್ದ ನದೀತೀರವು, ಅದರ ಅತ್ಯಂತ ಯಥಾರ್ಥವಾದ ಚಿತ್ರದಲ್ಲಿ, ಜನರು ತ್ಯಜಿಸಿ ಹೋದ ಊರಾಯಿತು. ಡಾಗೇರನು 1838ರಲ್ಲಿ ತೆಗೆದ ತಾಂಪ್ಲ್ ಹೆದ್ದಾರಿಯ ಪ್ರಸಿದ್ಧ ತಗಡಿನಲ್ಲಿ ಜೋಡು ಉಜ್ಜಿಸಿಕೊಳ್ಳಲು ನಿಂತ ಒಬ್ಬನೂ ಉಜ್ಜುತ್ತ ಕುಳಿತ ಮತ್ತೊಬ್ಬನೂ ಅಚ್ಚಾದುದು, ಅವರು ಅಷ್ಟು ಹೊತ್ತು ಒಂದೆಡೆ ಇದ್ದರೆಂಬ ಕಾರಣದಿಂದಷ್ಟೆ. ನದಿಯ ದಡದಲ್ಲಿ ಹಾಗೆ ನಿಲ್ಲುವ ಪುರುಸೊತ್ತು ಯಾರಿಗಿತ್ತು? ಮುದ್ರಣವು ಈ ಶೂನ್ಯವನ್ನು ಸಹಿಸಲಿಲ್ಲವೆಂಬುದು ಅರ್ಥಪೂರ್ಣವಾದ ಸಂಗತಿ. ಪೋಂ ನೆಫ್ ಸೇತುವೆಯ ಬಳಿ ಅಂಗಡಿಯಿಟ್ಟಿದ್ದ ಲೆರಬೂರ್ ಎಂಬ ಉಪಕರಣಗಾರನು 1840ರ ದಶಕದ ಮೊದಲ ವರ್ಷಗಳಲ್ಲಿ ಲೋಕದ ನಾನಾ ಸ್ಥಳಗಳ ತಗಡುಗಳಿಂದ ನೂರಕ್ಕೂ ಮಿಕ್ಕ ಚಿತ್ರಗಳನ್ನು ಕೆತ್ತಿಸಿ ಪ್ರಕಟಿಸಿದಾಗ, ಕೆತ್ತುವವರು ಕಟ್ಟಡಗಳನ್ನು ತಗಡಿನಿಂದ ತೆಗೆದುಕೊಂಡು, ಜನರನ್ನೂ ಗಾಡಿಗಳನ್ನೂ ತಮ್ಮ ಕಲ್ಪನೆಯಿಂದ ಸೇರಿಸಿದರು.

ನನ್ನ ಅಭಿಪ್ರಾಯದಲ್ಲಿ ಸೇನ್ ತೀರದ ಛಾಯಾಗ್ರಹಣದ ಚರಿತ್ರೆಯೆಂದರೆ, ಹೀಗೆ ಅಳಿಸಿಹೋದ ಜನರು ಒಬ್ಬೊಬ್ಬರಾಗಿ ಚಿತ್ರದೊಳಕ್ಕೆ ಮರಳಿ ಬಂದ ಚರಿತ್ರೆಯೇ ಆಗಿದೆ. ಅದಕ್ಕೆ ಒಂದು ಶತಮಾನವೇ ಹಿಡಿಯಿತು. 1841ರಲ್ಲಿ ಗೋದೆಂ ಎಂಬುವನು ತಗಡಿನ ಸಂವೇದನೆಯನ್ನು ಹೆಚ್ಚಿಸಿ, ಪೋಂ ನೆಫ್ ಸೇತುವೆಯ ಮೇಲೆ ನಡೆದಾಡುವವರನ್ನು ಕ್ಷಣಮಾತ್ರದಲ್ಲಿ ಹಿಡಿದು ಅಕಾಡೆಮಿಯ ಮುಂದಿಟ್ಟನು. ಅದು ಬಿಡಿಯಾದ ಸಾಹಸವಾಗಿ ಉಳಿಯಿತು. ದಡದ ಜೀವನವನ್ನೇ ತನ್ನ ವಿಷಯವೆಂದು ಬಗೆದು ದುಡಿದ ಮೊದಲಿಗರಲ್ಲಿ ಮುಖ್ಯನಾದವನು ಷಾರ್ಲ್ ನೆಗ್ರ್. ದಕ್ಷಿಣದ ಗ್ರಾಸ್ ಪಟ್ಟಣದಿಂದ ಚಿತ್ರಕಲೆ ಕಲಿಯಲು ಬಂದು ದೆಲರೋಷನ ಶಿಷ್ಯನಾಗಿದ್ದ ಈತನ ಮನೆಯು ಸೇಂಟ್ ಲೂಯಿ ದ್ವೀಪದ ಬೂರ್ಬೋಂ ದಡದ 21ನೆಯ ಸಂಖ್ಯೆಯಲ್ಲಿತ್ತು. ಬಾಗಿಲು ತೆರೆದರೆ ನದಿ. ಕಟ್ಟೆಯ ಮೇಲೆ ಓಡಾಡುವ ಸಂಗೀತಪೆಟ್ಟಿಗೆಯವನು, ಚಿಂದಿ ಆಯುವವನು, ಕಲ್ಲು ಕುಟಿಗ. ಇವರನ್ನೇ ಅವನು ಕರೆದು ನಿಲ್ಲಿಸಿಕೊಂಡನು.

ಅವನ ಚಿಮಣಿ ಗುಡಿಸುವವರ ಚಿತ್ರವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 1851-52ರ ಸುಮಾರಿನದು; ಕಾಗದದ ನೆಗೆಟಿವಿನಿಂದ ಉಪ್ಪಿನ ಕಾಗದದ ಮೇಲೆ ಇಳಿಸಿದ ಪುಟ್ಟ ಪ್ರತಿ. ನದಿಯಂಚಿನ ತಗ್ಗು ಗೋಡೆಯ ಪಕ್ಕದಲ್ಲಿ ಮೂವರು ಸಾಲಾಗಿ ಹೋಗುತ್ತಿದ್ದಾರೆ. ಅವರಲ್ಲಿ ಒಬ್ಬನು ಇನ್ನೂ ಹುಡುಗ. ಮೈಬಟ್ಟೆ ಮುಖಗಳೆಲ್ಲ ಮಸಿ ಹಿಡಿದು ಕಪ್ಪಾದುದರಿಂದ, ಹಿಂದಿನ ಮಸುಕು ಬೆಳಕಿನೆದುರು ಅವರು ಗೆರೆ ಬರೆದಂತೆ ಸ್ಪಷ್ಟವಾಗಿ ಎದ್ದುನಿಂತಿದ್ದಾರೆ. ಆಚೆಯ ದಡವು ಕರಗಿದಂತಿದೆ. ಚಿತ್ರದಲ್ಲಿ ನಡಿಗೆಯು ಕಾಣುತ್ತಿದ್ದರೂ ಅವರು ನಡೆಯುತ್ತಿರಲಿಲ್ಲವೆಂದೂ, ಹೆಜ್ಜೆಯೆತ್ತಿದ ಭಂಗಿಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದರೆಂದೂ ತಜ್ಞರ ಎಣಿಕೆ. ನೆಗ್ರನು ಕಾಲವನ್ನು ತಗ್ಗಿಸಲೆಂದು ಮಸೂರಗಳನ್ನು ತಾನೇ ಜೋಡಿಸಿ ಪ್ರಯೋಗ ಮಾಡುತ್ತಿದ್ದವನಾದರೂ, ನಡೆಯುವವನನ್ನು ನಡೆಯುತ್ತಿರುವಂತೆಯೇ ಹಿಡಿಯುವಷ್ಟು ವೇಗವು ಕಾಗದಕ್ಕೆ ಇನ್ನೂ ಬಂದಿರಲಿಲ್ಲ. ಹೀಗೆ ನಿಲ್ಲಿಸಿ ತೆಗೆದುದರಿಂದ ಚಿತ್ರವು ಸುಳ್ಳಾಯಿತೆಂದು ಕೆಲವರು ವಾದಿಸಬಹುದು. ಆ ವಾದವು ನನಗೆ ಒಪ್ಪಿಗೆಯಾಗದು. ಆ ಹುಡುಗನ ಮೈಮೇಲಿನ ಮಸಿಯು ನಿಜವಾದುದು. ಅವನು ಇಳಿದು ಗುಡಿಸಿದ ಚಿಮಣಿಯು ನಿಜವಾದುದು. ಬಡವನೊಬ್ಬನು ಕಲಾವಿದನ ಮಾತಿಗೆ ಒಪ್ಪಿ ಕೆಲವು ಕ್ಷಣ ನಿಶ್ಚಲನಾಗಿ ನಿಂತುದರಿಂದ ಅವನ ಜನದ ಬಾಳಿಗೆ ಒಂದು ಸಾಕ್ಷ್ಯ ದೊರೆಯಿತು. ಶತಮಾನ ಕಳೆದ ಮೇಲೆ, 1950ರಲ್ಲಿ, ರೊಬೇರ್ ದ್ವಾನೋ ನಗರಸಭೆಯ ಭವನದೆದುರು ತೆಗೆದ ಚುಂಬನದ ಚಿತ್ರವೂ ನಟರನ್ನು ಕರೆಸಿ ತೆಗೆದುದೆಂದು ತಿಳಿದಾಗ ಲೋಕವು ನೊಂದುಕೊಂಡಿತು. ನೆಗ್ರನನ್ನು ಬಲ್ಲವರು ಅಷ್ಟಾಗಿ ನೋಯುವ ಕಾರಣವಿರಲಿಲ್ಲ.

ನೆಗ್ರನು ಯಾರ ಬಳಿ ಕಾಗದದ ಕ್ರಮವನ್ನು ಕಲಿತನೋ ಆ ಗುಸ್ತಾವ್ ಲೆ ಗ್ರೇ 1851ರಲ್ಲಿ ಮೇಣ ಹಚ್ಚಿದ ಕಾಗದದ ನೆಗೆಟಿವ್ ಕ್ರಮವನ್ನು ಪ್ರಕಟಿಸಿದನು. ಈ ಕಾಗದವನ್ನು ದಿನಗಳ ಮುಂಚೆಯೇ ಸಿದ್ಧಮಾಡಿಟ್ಟುಕೊಳ್ಳಬಹುದಾದುದರಿಂದ ಬಿಸಿಲಿನ ದೇಶಗಳಲ್ಲಿ ಸಂಚರಿಸುವವರಿಗೆ ಅದು ವರವಾಯಿತು. ಕನ್ನಡಿಗರಾದ ನಮಗೆ ಇದರಲ್ಲಿ ವಿಶೇಷವಾದ ಋಣವುಂಟು. ಮದ್ರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್ಲಾ 1856ರಲ್ಲಿ ತುಂಗಭದ್ರೆಯ ದಡದ ಹಂಪೆಯನ್ನು ಚಿತ್ರಿಸಿದುದು ಇದೇ ಮೇಣದ ಕಾಗದದ ದೊಡ್ಡ ದೊಡ್ಡ ನೆಗೆಟಿವುಗಳ ಮೇಲೆ. ಸೇನ್ ತೀರದ ಕಲಾವಿದರು ಹದಗೊಳಿಸಿದ ವಿದ್ಯೆಯು ಐದೇ ವರ್ಷಗಳಲ್ಲಿ ವಿರೂಪಾಕ್ಷನ ಸನ್ನಿಧಿಗೆ ಬಂದು ಮುಟ್ಟಿತು. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದಾಗ, ನಡುವಣ ಕಾಲದಲ್ಲಿ ಏನು ಬಿದ್ದಿತು, ಏನು ಉಳಿಯಿತು ಎಂಬುದು ಕಲ್ಲುಕಲ್ಲಾಗಿ ತಿಳಿದುಬಂದಿತು.

ಅತ್ತ ಪ್ಯಾರಿಸ್ಸಿನಲ್ಲಿ ದೊಡ್ಡ ಉತ್ಪಾತವೊಂದು ನಡೆದಿತ್ತು. 1853ರಿಂದ 1870ರವರೆಗೆ ಆಡಳಿತಾಧಿಕಾರಿಯಾಗಿದ್ದ ಓಸ್ಮಾನನು ಹಳೆಯ ಊರನ್ನು ಕೆಡವಿ ಹೆದ್ದಾರಿಗಳನ್ನು ಬಿಡಿಸುವ ಕಾರ್ಯದಲ್ಲಿ ತೊಡಗಿದನು. ಸಿತೆ ದ್ವೀಪದ ಸಂದುಗೊಂದುಗಳೆಲ್ಲ ನೆಲಸಮವಾದುವು. ಕೆಡವುವ ಮುನ್ನ ಚಿತ್ರ ತೆಗೆದಿಡಬೇಕೆಂಬ ವಿವೇಕವೂ ಅದೇ ಆಡಳಿತಕ್ಕಿತ್ತು. 1862ರಿಂದ ನಗರದ ಛಾಯಾಗ್ರಾಹಕನೆಂಬ ಬಿರುದನ್ನು ಧರಿಸಿದ ಷಾರ್ಲ್ ಮಾರ್ವೀಲನು ಆಯುಷ್ಯ ತೀರಲಿದ್ದ ಬೀದಿಗಳನ್ನು ನಾನೂರಕ್ಕೂ ಮಿಕ್ಕ ಗಾಜಿನ ಪ್ಲೇಟುಗಳಲ್ಲಿ ಹಿಡಿದಿಟ್ಟನು. ಈ ರಾಶಿಯಲ್ಲಿ ನನ್ನ ಮನಸ್ಸನ್ನು ಬಹುವಾಗಿ ಸೆಳೆಯುವುದು ಬಿಯೆವ್ರ್ ಎಂಬ ಉಪನದಿಯ ಚಿತ್ರಗಳು. ದಕ್ಷಿಣದಿಂದ ಬಂದು ಸೇನನ್ನು ಕೂಡುತ್ತಿದ್ದ ಈ ಹಳ್ಳದ ಎರಡೂ ದಡಗಳಲ್ಲಿ ಚರ್ಮ ಹದಮಾಡುವವರೂ ಬಣ್ಣಗಾರರೂ ತಲೆಮಾರುಗಳಿಂದ ವಾಸವಾಗಿದ್ದು, ಗೊಬೆಲಿನ್ಸ್ ರತ್ನಗಂಬಳಿಯ ಕಾರ್ಖಾನೆಯೂ ಅಲ್ಲಿಯೇ ನೆಲೆಸಿತ್ತು. ಮಾರ್ವೀಲನ ಪ್ಲೇಟಿನಲ್ಲಿ ತೆಳ್ಳನೆಯ ನೀರು, ಅದರ ಅಂಚಿಗೇ ಇಳಿದ ಮನೆಗಳ ಗೋಡೆ, ಚರ್ಮವನ್ನು ಗಾಳಿಗೆ ಒಣಹಾಕಲು ಮೇಲಂತಸ್ತಿನಲ್ಲಿ ತೆರವಾಗಿ ಬಿಟ್ಟ ಮರದ ಅಟ್ಟಗಳು. ಆ ಸ್ಥಳದ ದುರ್ಗಂಧವು ಗಾಜಿಗೆ ಹತ್ತಲಿಲ್ಲ. ಆರೋಗ್ಯದ ಕಾರಣದಿಂದ ನಗರವು ಈ ನದಿಯನ್ನು ತುಂಡುತುಂಡಾಗಿ ಮುಚ್ಚುತ್ತ ಬಂದು 1912ರ ಹೊತ್ತಿಗೆ ಊರೊಳಗೆ ಪೂರ್ತಿಯಾಗಿ ನೆಲದಡಿಗೆ ಸೇರಿಸಿತು. ಹಾಗೆ ನೋಡಿದರೆ ಒಂದು ನದಿಯೇ ಸತ್ತು ಛಾಯಾಚಿತ್ರದಲ್ಲಿ ಉಳಿದುಕೊಂಡಿದೆ.

1871ರ ಕಮ್ಯೂನ್ ಎಂಬ ಬಂಡಾಯದ ಕಾಲದ ಬೆಂಕಿಯಲ್ಲಿ ನದೀತೀರದ ನಗರಸಭಾ ಭವನ, ತ್ಯೂಲರಿ ಅರಮನೆ, ಓರ್ಸೇ ಅರಮನೆ ಮೂರೂ ಉರಿದುಹೋದುವು. ಛಾಯಾಗ್ರಾಹಕರು ಅವಶೇಷಗಳನ್ನು ಸುತ್ತುವರಿದರು. ಸುಟ್ಟ ಗೋಡೆಗಳ ಚಿತ್ರಗಳು ಸಂಪುಟಗಳಾಗಿ ಮಾರಾಟವಾದುವು. ಬಂಡಾಯಗಾರರು ಹೆಮ್ಮೆಯಿಂದ ತೆಗೆಸಿಕೊಂಡಿದ್ದ ಗುಂಪುಚಿತ್ರಗಳಿಂದಲೇ ಆಮೇಲೆ ಅವರ ಗುರುತು ಹಿಡಿದರೆಂಬುದು ಈ ವಿದ್ಯೆಯ ಚರಿತ್ರೆಯಲ್ಲಿ ದಾರುಣವಾದ ಅಧ್ಯಾಯ. ಜನರು ಚಿತ್ರದೊಳಕ್ಕೆ ಬರುವುದೆಂದರೆ ಯಾವಾಗಲೂ ಅವರಿಗೆ ಹಿತವೇ ಆಗುತ್ತದೆಂಬ ಭರವಸೆಯಿಲ್ಲ. ಓರ್ಸೇ ಅರಮನೆಯ ಅವಶೇಷವು ಬಹುಕಾಲ ದಡದ ಮೇಲೆ ಹಾಗೆಯೇ ನಿಂತಿದ್ದು, ಅದರ ಸ್ಥಳದಲ್ಲಿ 1900ರಲ್ಲಿ ರೈಲುನಿಲ್ದಾಣವೂ, ಆ ನಿಲ್ದಾಣದೊಳಗೇ 1986ರಲ್ಲಿ ವಸ್ತುಸಂಗ್ರಹಾಲಯವೂ ಆದುವು; ಸೇನ್ ತೀರದ ಹಳೆಯ ಚಿತ್ರಗಳಲ್ಲಿ ಎಷ್ಟೋ ಇಂದು ಅಲ್ಲಿಯೇ ಭದ್ರವಾಗಿವೆ.

ಇಷ್ಟರಲ್ಲಿ ಗಾಜಿನ ಪ್ಲೇಟು ಚುರುಕಾಗಿತ್ತು. 1860ರ ದಶಕದಲ್ಲಿ ಎರಡು ಕಣ್ಣುಗಳಿಗೆ ಎರಡು ಬಿಂಬವಿರುವ ಜೋಡಿಚಿತ್ರಗಳ ಹವ್ಯಾಸವು ಮನೆಮನೆಗೆ ಹಬ್ಬಿದಾಗ, ಚಿಕ್ಕ ಪ್ಲೇಟು ಮತ್ತು ಹತ್ತಿರದ ನಾಭಿಯ ಮಸೂರಗಳ ಬಲದಿಂದ ಇಪ್ಪೊಲಿತ್ ಜೂವೆಂ ಮೊದಲಾದವರು ಪೋಂ ನೆಫ್ ಸೇತುವೆಯ ಸಂದಣಿಯನ್ನು ಮೇಲಿನಿಂದ ಕ್ಷಣಾರ್ಧದಲ್ಲಿ ಹಿಡಿದರು. ಎತ್ತಿದ ಕಾಲು, ತಿರುಗುವ ಚಕ್ರ, ಚೌಕಟ್ಟಿನ ಅಂಚಿಗೆ ಅರ್ಧ ಕತ್ತರಿಸಿಹೋದ ಗಾಡಿ ಎಲ್ಲವೂ ಅಲ್ಲಿ ಮೂಡಿದುವು. ಅಮೆರಿಕದ ವೈದ್ಯ ಆಲಿವರ್ ವೆಂಡೆಲ್ ಹೋಮ್ಸ್ ನಗರದ ಬೀದಿಗಳ ಇಂಥ ಕ್ಷಣಚಿತ್ರಗಳನ್ನು ಅಭ್ಯಾಸ ಮಾಡಿ, ಯುದ್ಧದಲ್ಲಿ ಕಾಲು ಕಳೆದುಕೊಂಡವರ ಕೃತಕ ಕಾಲುಗಳ ವಿಚಾರವಾಗಿ 1863ರಲ್ಲಿ ಬರೆಯುತ್ತ, ಮನುಷ್ಯನ ನಡಿಗೆಯಲ್ಲಿ ಯಾವ ಚಿತ್ರಕಾರನೂ ಬರೆಯದ ಭಂಗಿಗಳಿರುವುದನ್ನು ತೋರಿಸಿಕೊಟ್ಟನು. ಆಮೇಲೆ ಬಂದ ಜೆಲಟಿನ್ ಒಣ ಪ್ಲೇಟು, 1888ರ ಕೊಡ್ಯಾಕ್ ಕೈಪೆಟ್ಟಿಗೆಗಳಿಂದ ಕ್ಷಣಚಿತ್ರವು ಸರ್ವಸುಲಭವಾಯಿತು.

ಇದರ ಪೂರ್ಣ ಪ್ರಯೋಜನವು ಕಂಡುಬಂದುದು 1910ರ ಜನವರಿಯ ಮಹಾಪೂರದಲ್ಲಿ. ಎಡೆಬಿಡದ ಮಳೆಯಿಂದ ನೆಲವೆಲ್ಲ ನೀರು ಕುಡಿದು ತಣಿದಿದ್ದಾಗ ಉಪನದಿಗಳು ಒಟ್ಟಿಗೆ ಉಕ್ಕಿ ಬಂದು, ಜನವರಿ 28ರಂದು ಆಸ್ಟರ್ಲಿಟ್ಸ್ ಸೇತುವೆಯ ಅಳತೆಗೋಲಿನಲ್ಲಿ ನೀರು 8.62 ಮೀಟರಿಗೆ ಏರಿತು. ಆಲ್ಮಾ ಸೇತುವೆಯ ಕಂಬಕ್ಕೆ ಆತು ನಿಂತ ಜುವಾವ್ ಸಿಪಾಯಿಯ ಕಲ್ಲುಮೂರ್ತಿಯನ್ನು ಪ್ಯಾರಿಸ್ಸಿನ ಜನರು ಪ್ರವಾಹದ ಅಳತೆಗೆ ಇಂದಿಗೂ ನೋಡುತ್ತಾರೆ. ಅಂದು ನೀರು ಅವನ ಭುಜದವರೆಗೆ ಬಂದಿತ್ತು. ನದಿಯು ದಡವನ್ನು ಮೀರಿದುದಕ್ಕಿಂತ ಚರಂಡಿಗಳ ಮೂಲಕ, ನೆಲದಡಿಯ ರೈಲಿನ ಸುರಂಗಗಳ ಮೂಲಕ ಊರೊಳಕ್ಕೆ ನುಗ್ಗಿದುದೇ ಹೆಚ್ಚು. ಹೀಗಾಗಿ ನದಿಗೆ ದೂರವಾದ ಸೇಂಟ್ ಲಜಾರ್ ನಿಲ್ದಾಣದ ಸುತ್ತಲೂ ಕೆರೆಯಾಯಿತು. ಶಾಸನಸಭೆಯ ಸದಸ್ಯರು ದೋಣಿಯಲ್ಲಿ ಸಭೆಗೆ ಹೋದರು. ವಾರ್ತಾಸಂಸ್ಥೆಗಳ ಛಾಯಾಗ್ರಾಹಕರೂ ಅಂಚೆಕಾರ್ಡಿನ ವ್ಯಾಪಾರಿಗಳೂ ನೀರಿಗಿಂತ ಮುಂಚೆ ಓಡಿದರು. ಆ ಕಾರ್ಡುಗಳಲ್ಲಿ ಕಾಣುವವರು ಯಾರು? ಹಲಗೆಯ ಕಾಲುಹಾದಿಯ ಮೇಲೆ ಬುಟ್ಟಿಯನ್ನು ತಲೆಗಿಂತ ಎತ್ತರಕ್ಕೆ ಹಿಡಿದು ನಡೆಯುವ ಹೆಂಗಸು, ಮುದುಕನನ್ನು ಬೆನ್ನಮೇಲೆ ಹೊತ್ತ ಪೊಲೀಸಿನವನು, ಮೊದಲ ಅಂತಸ್ತಿನ ಕಿಟಕಿಯಿಂದ ಏಣಿಯಿಳಿದು ದೋಣಿ ಹತ್ತುವ ಸಂಸಾರ. ಮಾಮೂಲು ದಿನಗಳಲ್ಲಿ ಯಾವ ವ್ಯಾಪಾರಿಯೂ ಕಾಸು ಕೊಟ್ಟು ಅಚ್ಚು ಹಾಕಿಸದಿದ್ದ ಮುಖಗಳು ವಿಪತ್ತಿನ ನೆಪದಿಂದ ಕಾರ್ಡಿನ ಮೇಲೆ ಬಂದುವು.

ಇದೇ ಕಾಲದಲ್ಲಿ ಬಣ್ಣವು ಬಂದಿತು, ಮತ್ತು ಅದರೊಡನೆ ಹಳೆಯ ಶೂನ್ಯವೂ ಮರಳಿ ಬಂದಿತು. ಆಲೂಗಡ್ಡೆಯ ಪಿಷ್ಟದ ಕಣಗಳಿಗೆ ಬಣ್ಣ ಹಾಕಿ ಗಾಜಿನ ಮೇಲೆ ಹರಡಿ ಮಾಡುತ್ತಿದ್ದ ಆಟೋಕ್ರೋಮ್ ಪ್ಲೇಟುಗಳನ್ನು ಲ್ಯೂಮಿಯೇರ್ ಸಹೋದರರು 1907ರಲ್ಲಿ ಮಾರುಕಟ್ಟೆಗೆ ತಂದರು. ಧನಿಕನಾದ ಆಲ್ಬರ್ಟ್ ಕಾನನು ಭೂಲೋಕದ ಜನಜೀವನವನ್ನೆಲ್ಲ ಅವುಗಳಲ್ಲಿ ಸಂಗ್ರಹಿಸುವ ಸಂಕಲ್ಪದಿಂದ 1909ರಿಂದ 1931ರವರೆಗೆ ಛಾಯಾಗ್ರಾಹಕರನ್ನು ದೇಶದೇಶಗಳಿಗೆ ಕಳಿಸಿ, ಸುಮಾರು 72,000 ಪ್ಲೇಟುಗಳನ್ನು ಕೂಡಿಹಾಕಿದನು. ಸೇನ್ ತೀರವೂ ಅವುಗಳಲ್ಲಿ ಉಂಟು. ಆದರೆ ಬಣ್ಣದ ಪ್ಲೇಟಿಗೆ ಕಪ್ಪುಬಿಳುಪಿಗಿಂತ ಬಹಳ ಹೆಚ್ಚಿನ ಬೆಳಕು ಬೇಕಾದುದರಿಂದ ನಡೆದಾಡುವವರು ಮತ್ತೊಮ್ಮೆ ಮಂಜಾಗಿ ಮಾಯವಾದರು.

ಈ ಅವಧಿಯಲ್ಲಿ, ಹೊಸ ಯಂತ್ರಗಳ ಕಡೆಗೆ ತಿರುಗಿಯೂ ನೋಡದೆ, ಭಾರವಾದ ಮರದ ಪೆಟ್ಟಿಗೆ, ಮುಕ್ಕಾಲಿ, 18×24 ಸೆಂಟಿಮೀಟರಿನ ಗಾಜಿನ ಪ್ಲೇಟುಗಳನ್ನು ಹೊತ್ತುಕೊಂಡು ಬೆಳಗಾಗುವ ಮೊದಲೇ ದಡದಲ್ಲಿ ನಿಲ್ಲುತ್ತಿದ್ದವನು ಯೂಜೇನ್ ಅತ್ಜೆ. 1857ರಲ್ಲಿ ಹುಟ್ಟಿ, ನಾಟಕದ ನಟನಾಗಿ ಬಾಳಲಾರದೆ, ನಡುವಯಸ್ಸಿನಲ್ಲಿ ಈ ವೃತ್ತಿಗೆ ಬಂದ ಅವನು ತನ್ನ ಚಿತ್ರಗಳನ್ನು ಕಲಾವಿದರಿಗೆ ಬೇಕಾದ ದಾಖಲೆಗಳೆಂದು ಹೇಳಿಕೊಂಡು ಗ್ರಂಥಾಲಯಗಳಿಗೂ ವಸ್ತುಸಂಗ್ರಹಾಲಯಗಳಿಗೂ ಮಾರುತ್ತಿದ್ದನು. ಪ್ರತಿಗಳನ್ನು ಇಳಿಸುತ್ತಿದ್ದುದು ಬಿಸಿಲಿನಲ್ಲಿ: ಪ್ಲೇಟಿನಡಿಗೆ ಕಾಗದವನ್ನಿಟ್ಟು ಚೌಕಟ್ಟಿಗೆ ಬಿಗಿದು, ಬಿಂಬವು ತಾನಾಗಿ ಕಪ್ಪೇರುವವರೆಗೆ ಕಾಯುವುದು. ಅವನ ಎಷ್ಟೋ ಚಿತ್ರಗಳ ಮೇಲಿನ ಮೂಲೆಗಳು ಕಮಾನಿನಂತೆ ಕತ್ತಲಾಗಿರುವುದು, ಎತ್ತರದ ಗೋಡೆಗಳನ್ನು ಹಿಡಿಯಲು ಮಸೂರವನ್ನು ಅದರ ಬಿಂಬವೃತ್ತದ ಎಲ್ಲೆ ಮೀರಿ ಮೇಲಕ್ಕೆ ಸರಿಸಿದುದರ ಫಲ. ಜಗತ್ತು ಅತ್ಜೆಯನ್ನು ನಿರ್ಜನವಾದ ಮುಂಜಾವಿನ ಕವಿಯೆಂದು ಹೊಗಳುತ್ತದೆ. ಆಂಜೂ ದಡದ ಬೆಳಗಿನ ಆರು ಗಂಟೆಯ 1924ರ ಚಿತ್ರವನ್ನು ನೋಡಿದವರು ಆ ಹೊಗಳಿಕೆಗೆ ತಲೆದೂಗಲೇಬೇಕು. ಆದರೂ ಅವನ ಸಂಗ್ರಹವನ್ನು ತಿರುವಿದವರಿಗೆ ಮತ್ತೊಬ್ಬ ಅತ್ಜೆ ಎದುರಾಗುತ್ತಾನೆ. ನೀರಿನ ಮೇಲೆ ಲಂಗರು ಹಾಕಿ ನಿಂತ ಮಡಿವಾಳಿತಿಯರ ತೇಲುಮನೆಗಳು, ಸರಕಿನ ದೋಣಿಗಳು ಮತ್ತು ಅವುಗಳ ಅಂಬಿಗರು, ಕಟ್ಟೆಯ ಮೇಲೆ ಹಸಿರು ಪೆಟ್ಟಿಗೆಗಳನ್ನು ತೆರೆದು ಕುಳಿತ ಹಳೆಯ ಪುಸ್ತಕದವರು, ಹಾದಿಬೀದಿಯ ಸಣ್ಣಪುಟ್ಟ ಕಸುಬಿನವರು ಇವರೆಲ್ಲರಿಗೂ ಅವನು ಒಂದೊಂದು ಪ್ಲೇಟನ್ನು ವ್ಯಯ ಮಾಡಿದನು. ಮಹಾದೇವಾಲಯಕ್ಕೆ ಕೊಟ್ಟಷ್ಟೇ ಗಮನವನ್ನು ಮಡಿವಾಳಿತಿಯ ದೋಣಿಗೂ ಕೊಟ್ಟನು. ಬಡವನಾದ ಛಾಯಾಗ್ರಾಹಕನಿಗೆ ಪ್ಲೇಟೆಂದರೆ ಅಂದಿನ ಊಟದ ದುಡ್ಡು. ಅದನ್ನು ಯಾವುದರ ಮೇಲೆ ಖರ್ಚು ಮಾಡಿದನೆಂಬುದರಲ್ಲಿ ಅವನ ಹೃದಯವು ತಿಳಿಯುತ್ತದೆ.

1920ರಲ್ಲಿ ಅವನು 2,621 ನೆಗೆಟಿವುಗಳನ್ನು 10,000 ಫ್ರಾಂಕುಗಳಿಗೆ ಸರ್ಕಾರದ ಕಲಾ ಇಲಾಖೆಗೆ ಕೊಟ್ಟನು. 1927ರಲ್ಲಿ ತೀರಿಕೊಂಡಾಗ ಉಳಿದ ರಾಶಿಯನ್ನು ಅಮೆರಿಕದ ತರುಣಿ ಬೆರೆನಿಸ್ ಅಬಟ್ ತನ್ನ ಅಲ್ಪ ಸಂಪಾದನೆಯಿಂದ ಕೊಂಡು ಕಾಪಾಡಿದಳು. 1968ರಲ್ಲಿ ಅದು ನ್ಯೂಯಾರ್ಕಿನ ಆಧುನಿಕ ಕಲೆಯ ಸಂಗ್ರಹಾಲಯವನ್ನು ಸೇರಿತು. ಆಕೆಯ ಈ ಉಪಕಾರವನ್ನು ಸ್ಮರಿಸದೆ ಅತ್ಜೆಯ ಹೆಸರೆತ್ತಲು ನನಗೆ ಮನಸ್ಸು ಬಾರದು.

ಅತ್ಜೆಯ ಮುಂದಿನ ಪೀಳಿಗೆಯಲ್ಲಿ ಇಬ್ಬರು ಹಂಗೇರಿಯ ಕಡೆಯಿಂದ ಬಂದವರು. ಬ್ರಸ್ಸಾಯ್ ಎಂದು ಹೆಸರಿಟ್ಟುಕೊಂಡ ಗ್ಯೂಲಾ ಹಲಾಸ್ ರಾತ್ರಿಯ ನದಿಯನ್ನು ಕಂಡುಹಿಡಿದನು. ಗ್ಯಾಸುದೀಪಗಳ ಮಂಜುಬೆಳಕಿನಲ್ಲಿ ಪೆಟ್ಟಿಗೆಯನ್ನು ತೆರೆದಿಟ್ಟು, ಒಂದು ಸಿಗರೇಟು ಸುಟ್ಟುಹೋಗುವ ಕಾಲವನ್ನೇ ಅಳತೆಯಾಗಿ ಹಿಡಿಯುತ್ತಿದ್ದನಂತೆ. ಕತ್ತಲು ಹೆಚ್ಚಾದರೆ ದಪ್ಪನೆಯ ಸಿಗರೇಟು. ಇಲ್ಲಿ ಒಂದು ಸೋಜಿಗವುಂಟು: ದೀರ್ಘಕಾಲದ ಒಡ್ಡುವಿಕೆಯು ಹಗಲಿನಲ್ಲಿ ನಡೆದಾಡುವವರನ್ನು ಅಳಿಸಿತ್ತು, ರಾತ್ರಿಯಲ್ಲಿ ಅದೇ ದೀರ್ಘಕಾಲವು, ಹೋಗಲು ಮನೆಯಿಲ್ಲದೆ ಸೇತುವೆಗಳ ಕೆಳಗೆ ಮುದುಡಿ ಮಲಗಿದವರನ್ನು ಸ್ಪಷ್ಟವಾಗಿ ಮೂಡಿಸಿತು. ಅವನ ಇರುಳ ಪ್ಯಾರಿಸ್ಸಿನ ಸಂಪುಟವು 1933ರ ಮುದ್ರೆಯನ್ನು ಹೊತ್ತಿದೆ. ಇನ್ನೊಬ್ಬನಾದ ಆಂದ್ರೆ ಕೆರ್ತೇಸನು 1930ರ ಆಸುಪಾಸಿನಲ್ಲಿ ಇನ್ಸ್ಟಿಟ್ಯೂಟ್ ಭವನದ ಗಡಿಯಾರದ ಹಿಂದಕ್ಕೆ ಹತ್ತಿ, ಅದರ ಗಾಜಿನ ಮೂಲಕ ಕೆಳಗಿನ ಪೋಂ ದೆಜಾರ್ ಸೇತುವೆಯನ್ನು ತೆಗೆದನು. ಗಡಿಯಾರದ ರೋಮನ್ ಅಂಕಿಗಳೂ ಮುಳ್ಳೂ ಕಣ್ಣಿಗೆ ಅಡ್ಡಲಾಗಿ ದಪ್ಪನೆ ಕಪ್ಪಾಗಿ ನಿಂತಿವೆ. ಒಳಗಿನಿಂದ ಕಾಣುವುದರಿಂದ ಅವು ತಿರುವುಮುರುವಾಗಿವೆ. ಅವುಗಳಾಚೆ, ಬಹಳ ಕೆಳಗೆ, ಕಾಲುಸೇತುವೆಯ ಮೇಲೆ ಪ್ರತಿಯೊಬ್ಬರೂ ಬೇರೆಬೇರೆಯಾಗಿ ಗುರುತಿಸಬಹುದಾದಂತೆ ನಡೆಯುತ್ತಿದ್ದಾರೆ. ಡಾಗೇರನ ವಿದ್ಯೆಯು ಬಹಿರಂಗವಾದ ಕಟ್ಟಡವೇ ಅದು.

1940ರಲ್ಲಿ ಜರ್ಮನರು ನಗರವನ್ನು ಹಿಡಿದ ಮೇಲೆ ಅನುಮತಿಯಿಲ್ಲದೆ ಹೊರಗೆ ಚಿತ್ರ ತೆಗೆಯುವುದು ನಿಷಿದ್ಧವಾಯಿತು. ಅನುಮತಿಯಿದ್ದ ಆಂದ್ರೆ ಜುಕ್ಕಾ ಜರ್ಮನರ ಪತ್ರಿಕೆಗಾಗಿ ದುಡಿಯುತ್ತ ಬಣ್ಣದಲ್ಲಿ ತೆಗೆದ ಚಿತ್ರಗಳಲ್ಲಿ ಬಿಸಿಲಿದೆ, ಹೊಸ ಟೊಪ್ಪಿಗಳಿವೆ, ವಿಹಾರವಿದೆ; 2008ರಲ್ಲಿ ಅವನ್ನು ಪ್ಯಾರಿಸ್ಸಿನಲ್ಲಿ ಪ್ರದರ್ಶಿಸಿದಾಗ ದೊಡ್ಡ ವಿವಾದವೆದ್ದುದು ಸಹಜವೇ. ದಿನನಿತ್ಯದ ದೃಶ್ಯವೆಂಬುದು ಎಂದೂ ನಿಷ್ಪಾಪವೆಂದು ಭಾವಿಸಲಾಗದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಯುದ್ಧ ಮುಗಿದ ಮೇಲೆ ದಡವು ಮತ್ತೆ ಎಲ್ಲರದಾಯಿತು. ದ್ವಾನೋ 1953ರಲ್ಲಿ ಪೋಂ ದೆಜಾರ್ ಮೇಲೆ ತೆಗೆದ ಚಿತ್ರವೊಂದರಲ್ಲಿ ಚಿತ್ರಕಾರನೊಬ್ಬನು ಎದುರಿಗೆ ಕುಳಿತ ಹೆಂಗಸನ್ನು ಬರೆಯುತ್ತಿದ್ದಾನೆ, ನಾಯಿಯೊಡನೆ ಬಂದ ದಾರಿಹೋಕನು ಹಿಂದಿನಿಂದ ಬಗ್ಗಿ ಆ ಚಿತ್ರವನ್ನು ನೋಡುತ್ತಿದ್ದಾನೆ, ನಾಯಿ ಮಾತ್ರ ದ್ವಾನೋವನ್ನೇ ನೋಡುತ್ತಿದೆ. ಇಂಥ ಕ್ಷಣಕ್ಕಾಗಿ ಮಹತ್ತಾದ ಘಟನೆಯೇನೂ ನಡೆಯಬೇಕಿಲ್ಲ. ಮಸೂರವನ್ನು ಹಿಡಿದವನಿಗೆ ಜನರ ಮೇಲೆ ಪ್ರೀತಿಯಿದ್ದರೆ ಸಾಕು.

ಆ ಸೇತುವೆಯು ಇಂದಿನದಲ್ಲ. ದೋಣಿಗಳು ಬಡಿದು ಬಡಿದು ಶಿಥಿಲವಾಗಿ 1979ರಲ್ಲಿ ಅದರ ಒಂದು ಭಾಗ ಕುಸಿಯಿತು. 1981ರಿಂದ 1984ರವರೆಗೆ ಬಹುಮಟ್ಟಿಗೆ ಹಳೆಯದರ ರೂಪದಲ್ಲಿಯೇ ಮತ್ತೆ ಕಟ್ಟಿದರು. ಹೆಗ್ಗುರುತುಗಳ ಭಾಗ್ಯವು ಹೀಗಿದೆ: ಬಿದ್ದರೆ ನಕ್ಷೆಗಳಿವೆ, ಛಾಯಾಚಿತ್ರಗಳಿವೆ, ಹಣ ಕೊಡುವವರಿದ್ದಾರೆ; ಮತ್ತೆ ಎದ್ದು ನಿಲ್ಲುತ್ತವೆ. ಮಡಿವಾಳಿತಿಯರ ತೇಲುಮನೆಗಳು ಒಂದೊಂದಾಗಿ ಹೋದುವು. ಅವನ್ನು ಮತ್ತೆ ಕಟ್ಟಬೇಕೆಂದು ಯಾರೂ ಹೇಳಲಿಲ್ಲ. ಅವರು ಒಗೆಯುತ್ತಿದ್ದ ಬಟ್ಟೆಗಳು, ಬಗ್ಗಿದ ಬೆನ್ನುಗಳು, ಮಂಡಿಯೂರಿದ ಸಾಲು ಎಲ್ಲವೂ ತಿಳಿಯುವುದು ಚಿತ್ರಗಳಿಂದ ಮಾತ್ರ. ಅವರನ್ನು ಯಾರೂ ಅನುಮತಿ ಕೇಳಿರಲಿಲ್ಲವೆಂಬುದನ್ನೂ ಮರೆಯಲಾಗದು. 1970ರ ಕಾನೂನಿನಿಂದ ಫ್ರೆಂಚ್ ನಾಗರಿಕರಿಗೆ ಖಾಸಗಿ ಬಾಳಿನ ಹಕ್ಕು ದೃಢವಾದ ಮೇಲೆ, ದಡದಲ್ಲಿ ಕುಳಿತ ಅಪರಿಚಿತನ ಮುಖವನ್ನು ಅಚ್ಚು ಹಾಕುವವರು ಎರಡು ಸಲ ಯೋಚಿಸುತ್ತಾರೆ. ಇದು ನ್ಯಾಯವೇ, ಆದರೆ ಇದರಿಂದ ಬೀದಿಯ ಚಿತ್ರಗಳಿಂದ ಮುಖಗಳು ಹಿಂದೆ ಸರಿದು, ಬೆನ್ನುಗಳೂ ನೆರಳುಗಳೂ ಮುಂದೆ ಬಂದಿವೆಯೆಂದು ನನಗೆ ತೋರುತ್ತದೆ.

2019ರ ಏಪ್ರಿಲ್ 15ರ ಸಂಜೆ ನೋತ್ರ್ ದಾಮ್ ಹೊತ್ತಿ ಉರಿದಾಗ ನದಿಯ ಎರಡೂ ದಡಗಳಲ್ಲಿ ಜನರು ಕಿಕ್ಕಿರಿದು ನಿಂತಿದ್ದರು, ಮತ್ತು ಅವರ ಕೈಗಳಲ್ಲೆಲ್ಲ ಫೋನುಗಳಿದ್ದುವು. ವಿಯೊಲೆ-ಲ-ದ್ಯೂಕನ ಮೊನೆಗೋಪುರವು ಮುರಿದು ಬಿದ್ದುದನ್ನು ತೆಗೆದವರು ಆ ದಾರಿಹೋಕರೇ. ಒಂದು ಕಾಲಕ್ಕೆ ತಗಡಿನಿಂದ ಅಳಿಸಿಹೋಗಿದ್ದವರು ಈಗ ತಗಡನ್ನು ಹಿಡಿದವರಾಗಿದ್ದರು. 2024ರ ಡಿಸೆಂಬರಿನಲ್ಲಿ ದೇವಾಲಯವು ಮತ್ತೆ ತೆರೆದಾಗ ಗೋಪುರವು ಮೊದಲಿದ್ದ ಆಕಾರದಲ್ಲಿಯೇ ಎದ್ದಿತ್ತು. ತುದಿಯ ಹೊಂಬಣ್ಣದ ಹುಂಜವೊಂದು ಹೊಸದು. ಇನ್ನು ಮುಂದೆ ತೇದಿಯಿಲ್ಲದ ಚಿತ್ರದ ಕಾಲವನ್ನು ಮಾಡಿನ ನೆತ್ತಿಯಿಂದ ಹೇಳುವುದು ಸುಲಭವಲ್ಲ. 1900ರದೋ, 2000ದದೋ, 2030ರದೋ ಎಂದು ತಿಳಿಯಬೇಕಾದವರು ಕಣ್ಣನ್ನು ಕೆಳಕ್ಕಿಳಿಸಿ, ಕಟ್ಟೆಯ ಮೇಲೆ ಕುಳಿತವರು ಯಾವ ಉಡುಪು ತೊಟ್ಟಿದ್ದಾರೆ, ನೀರಿನಲ್ಲಿ ಯಾವ ದೋಣಿ ನಿಂತಿದೆ, ಯಾರು ಯಾವ ಕೆಲಸದಲ್ಲಿದ್ದಾರೆ ಎಂಬುದನ್ನು ನೋಡಬೇಕಾಗುವುದು.